ಓದಲು ತಡವರಿಸುವ ಮಕ್ಕಳು

ಮಾತು ಕೇಳುತ್ತ ಕೇಳುತ್ತ ತಾನಾಗಿ ಬರುತ್ತದೆ, ಓದನ್ನು ಕಲಿಸಲೇಬೇಕು. ಓದುವಾಗ ನಮ್ಮ ಕಣ್ಣು ಸಾಲಿನುದ್ದಕ್ಕೂ ನೆಗೆದು ನೆಗೆದು ನಿಲ್ಲುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ಮೆದುಳಿನ ಎಡಭಾಗದ ತಳದಲ್ಲಿರುವ ಒಂದು ನೆಲೆಯು ಪದದ ರೂಪವನ್ನು ಗುರುತಿಸಿ, ಅದನ್ನು ಧ್ವನಿಗೂ ಅರ್ಥಕ್ಕೂ ಬೆಸೆಯಲು ನೆರವಾಗುತ್ತದೆ. ಈ ಸಾಮರ್ಥ್ಯವು ಅಭ್ಯಾಸದಿಂದಲೇ ಬೆಳೆಯುವಂಥದು.

ಕನ್ನಡದಲ್ಲಿ ಈ ಕೆಲಸ ಬಹು ಸೂಕ್ಷ್ಮ. 'ಸೂರ್ಯ' ಎಂಬಲ್ಲಿ ಕಣ್ಣಿಗೆ ಮೊದಲು ಯಕಾರ, ಬಳಿಕ ಅರ್ಕಾವತ್ತು ಕಾಣುತ್ತವೆ. ನಾಲಿಗೆಯಾದರೋ ರಕಾರವನ್ನೇ ಮೊದಲು ನುಡಿಯಬೇಕು. ಜೋಯಿಡಾ ತಾಲೂಕಿನ ರಾಮನಗರದಲ್ಲಿ ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಅನೇಕರಿದ್ದಾರೆ. ಅವರು ಕನ್ನಡ ಶಾಲೆಗೆ ಸೇರಿದಾಗ ಲಿಪಿಯೊಡನೆ ಭಾಷೆಯನ್ನೂ ಕಲಿಯಬೇಕಾಗುತ್ತದೆ. ಅಕ್ಷರ ಕೂಡಿಸಿ ಓದಿದರೂ ಅರ್ಥ ಕೂಡಲೇ ಒದಗದು. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಸಾಗುತ್ತದೆಂದು ತೋರಿಸಿದೆ.

ಆದುದರಿಂದ ಒತ್ತಕ್ಷರದಲ್ಲಿ ಎಡವಿದ ಮಗುವನ್ನು ದಡ್ಡನೆಂದು ಗದರಬಾರದು. ಅವಮಾನಗೊಂಡ ಮಗು ಪುಸ್ತಕವನ್ನೂ, ಕ್ರಮೇಣ ಶಾಲೆಯನ್ನೂ ತೊರೆಯಬಹುದು. ಮೊದಲು ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಬೇಕು. ನಿತ್ಯ ಹತ್ತು ನಿಮಿಷ ಜೊತೆಗೆ ಕುಳಿತು, ಪದಗಳ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದಿ, ಮನೆಮಾತಿನಲ್ಲಿ ಅರ್ಥ ತಿಳಿಸಬೇಕು. ತಿಂಗಳುಗಟ್ಟಲೆ ಹೀಗೆ ನಡೆಸಿದರೂ ತೊಡಕು ಉಳಿದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಬುದ್ಧಿವಂತ ಮಕ್ಕಳಲ್ಲಿಯೂ ಇದುಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇದನ್ನು ಮಾನ್ಯ ಮಾಡಿದೆ. ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಯ ತಜ್ಞರನ್ನು ಸಂಕೋಚವಿಲ್ಲದೆ ಕಾಣಬೇಕು. ಇಂದು ಒಂದು ಪುಟವನ್ನು ಮಗುವಿನೊಡನೆ ಓದಿ ಆರಂಭಿಸೋಣ.