ಅಘನಾಶಿನಿಯ ಕಡಲಂಚಿನಲ್ಲಿ ನಮ್ಮ ಸದಸ್ಯರ ಕಾಲ್ನಡಿಗೆ

ಸಂಘದ ಪ್ರವಾಸವೆಂದರೆ ಬಸ್ಸಿನಲ್ಲಿ ಕುಳಿತು ನಾಲ್ಕು ದೇವಸ್ಥಾನ, ಒಂದು ಜಲಾಶಯ ನೋಡಿಕೊಂಡು ಬರುವುದೆಂಬ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಈ ಸಲ ನಡೆದೇ ನೋಡೋಣವೆಂದು ನಾವು ಸೂಚಿಸಿದಾಗ ಆಡಳಿತ ಮಂಡಳಿಯಲ್ಲಿ ನಕ್ಕವರೇ ಹೆಚ್ಚು. "ತೋಟದಾಗೆ ತಿರುಗಾಡಿದ್ದು ಸಾಲದೇನ್ರಿ ಕಾರ್ಯದರ್ಶಿಗಳೇ?" ಎಂದರು ಹಿರಿಯರೊಬ್ಬರು. ಆದರೂ 18 ಮಂದಿ ಹೆಸರು ಕೊಟ್ಟರು. ಸೊಕ್ಕೆ ಕಡೆಯಲ್ಲಿ ಕೊಳವೆಬಾವಿಯನ್ನು ನಂಬಿ ಅಡಿಕೆ ಹಾಕಿದವರು, ಚನ್ನಗಿರಿ ಕಡೆಯ ಭದ್ರಾ ನಾಲೆಯ ತೋಟದವರು, ಮಲೆನಾಡಿನ ಇಬ್ಬರು ಕಾಫಿ ಬೆಳೆಗಾರರು, ಹೀಗೆ ಎಲ್ಲ ಬಗೆಯವರೂ ಇದ್ದರು. ನಕ್ಕ ಹಿರಿಯರ ಹೆಸರೇ ಪಟ್ಟಿಯಲ್ಲಿ ಮೊದಲನೆಯದಾಗಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು.

ಡಿಸೆಂಬರ್ ತಿಂಗಳ ಒಂದು ರಾತ್ರಿ ಸೊಕ್ಕೆಯಿಂದ ಹೊರಟು, ಹರಿಹರ, ಹಾವೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಬೆಳಗಿಗೆ ಕುಮಟಾ ಸೇರಿದೆವು. ಅಲ್ಲಿಂದ ಗೋಕರ್ಣದವರೆಗೆ ಸಮುದ್ರದ ದಂಡೆ ಹಿಡಿದು, ಇಪ್ಪತ್ತು ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ಎರಡು ದಿನಗಳಲ್ಲಿ ನಡೆಯುವುದೆಂದು ನಿಶ್ಚಯವಾಗಿತ್ತು. ದಾರಿ ತೋರಿಸಲು ಮೀನುಗಾರರ ಮನೆತನದ ಸ್ಥಳೀಯ ತರುಣನೊಬ್ಬನನ್ನು ಗೊತ್ತುಮಾಡಿದ್ದೆವು.

ಮೊದಲ ದಿನ

ಕಡ್ಲೆ ತೀರದಿಂದ ನಡಿಗೆ ಆರಂಭ. ಬಾಡ, ಕಾಗಾಲ ಗ್ರಾಮಗಳ ಕಡೆಗೆ ಸಾಗುವ ಈ ದಂಡೆಯಲ್ಲಿ ಒಮ್ಮೆ ಮರಳು, ಒಮ್ಮೆ ಕಪ್ಪು ಬಂಡೆ, ಒಮ್ಮೆ ಮುರಕಲ್ಲಿನ ಗುಡ್ಡ. ಬಯಲುಸೀಮೆಯ ನಮ್ಮವರಿಗೆ ಒದ್ದೆ ಮರಳಿನ ಮೇಲೆ ನಡೆಯುವ ಉಪಾಯ ತಿಳಿಯಲು ಒಂದು ಗಂಟೆ ಬೇಕಾಯಿತು. ಅಲೆ ಬಂದು ಹಿಂದೆ ಸರಿದ ಗಟ್ಟಿ ಮರಳಿನಲ್ಲೇ ನಡೆಯಬೇಕು. ಮೇಲಿನ ಒಣ ಮರಳಿಗೆ ಹೋದರೆ ಉತ್ತ ಹೊಲದಲ್ಲಿ ನಡೆದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ.

ತರುಣ ಕಲಿಸಿದ ಎರಡನೆಯ ಪಾಠ ಭರತ ಇಳಿತದ್ದು. ದಿನಕ್ಕೆ ಎರಡು ಸಲ ಸಮುದ್ರ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಬೀಳುತ್ತದೆ. ಬೆಳಿಗ್ಗೆ ದಾಟಿದ ಬಂಡೆಯನ್ನು ಮಧ್ಯಾಹ್ನ ದಾಟಲಾಗದು. ಒಂದೆಡೆ ನಮ್ಮ ಸದಸ್ಯರೊಬ್ಬರು ಫೋಟೋ ತೆಗೆಯುತ್ತಾ ಹಿಂದೆ ಉಳಿದರು. ಅಷ್ಟರಲ್ಲಿ ನೀರು ಬಂಡೆಯ ಸಂದಿಗೆ ನುಗ್ಗಿತು. ತರುಣ ಸೊಂಟದುದ್ದ ನೀರಿಗಿಳಿದು ಕೈಹಿಡಿದು ಕರೆತಂದ. ತಪ್ಪು ನಮ್ಮದೇ. ಹಿಂದಿನಿಂದ ತಲೆ ಎಣಿಸುವವರನ್ನು ನಾವು ನೇಮಿಸಿರಲಿಲ್ಲ. ಅಂದಿನಿಂದ ಸಾಲಿನ ಕೊನೆಗೆ ನಾವೇ ನಡೆದೆವು.

ನದಿಯ ಬಾಯಲ್ಲಿ

ಸಂಜೆ ಅಘನಾಶಿನಿ ಗ್ರಾಮ ತಲುಪಿ ಅಲ್ಲಿಯೇ ತಂಗಿದೆವು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಎಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳಲ್ಲಿ ಒಂದೆಂದು ಮಾನ್ಯವಾಗಿದೆ.

ಮರುದಿನ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಸೊಕ್ಕೆಯ ನಮ್ಮ ಹಿರಿಯರು ದಡದಲ್ಲಿ ನಿಂತು ನೋಡಿ, ತಡೆಯಲಾರದೆ ಒಬ್ಬಾಕೆಯನ್ನು ಕೇಳಿದರು: "ಇಷ್ಟೊಂದು ಸಿಹಿನೀರು ಸುಮ್ಮನೆ ಸಮುದ್ರಕ್ಕೆ ಹೋಗ್ತೈತಲ್ಲ ತಾಯಿ. ನಮ್ಮೂರಾಗೆ ಸಾವಿರ ಅಡಿ ಕೊರೆಸಿದ್ರೂ ಧೂಳು ಬರ್ತೈತಿ."

ಆಕೆ ಬುಟ್ಟಿ ಕೆಳಗಿಟ್ಟು, "ಸುಮ್ಮನೆ ಹೋಗ್ತದೆ ಅಂದ್ರೆ ಹೆಂಗೆ ಅಜ್ಜ? ಸಿಹಿನೀರು ಬಂದು ಉಪ್ಪುನೀರಿಗೆ ಕೂಡಿದ್ರೇ ಬಳಚು. ಅದು ಬರದಿದ್ರೆ ನಮ್ಮನೆ ಒಲೆ ಹತ್ತೂದಿಲ್ಲ" ಎಂದಳು. ಹಿರಿಯರು ಮರುಮಾತಾಡಲಿಲ್ಲ.

ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಸದಸ್ಯರಿಗೆ ತಿಳಿದದ್ದೇ. ಉತ್ತರ ಕನ್ನಡದವರು ವಿರೋಧಿಸುತ್ತಿರುವುದೂ ತಿಳಿದದ್ದೇ. ಬರ ಕಂಡ ಸೀಮೆಯವರಾದ ನಾವು ನೀರು ಬೇಡವೆನ್ನಲಾರೆವು. ಆದರೆ 'ವ್ಯರ್ಥವಾಗಿ ಸಮುದ್ರ ಸೇರುವ ನೀರು' ಎಂಬ ಮಾತನ್ನು ಇದೇ ಪತ್ರಿಕೆಯಲ್ಲಿ ನಾವೇ ಹಿಂದೆ ಬರೆದಿದ್ದೆವು. ಆ ನೀರು ಅಲ್ಲಿ ಏನು ಮಾಡುತ್ತಿದೆಯೆಂದು ನೋಡದೆ ಬರೆದ ಮಾತದು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಎರಡನೆಯ ದಿನ

ದೋಣಿಯಲ್ಲಿ ಹೊಳೆ ದಾಟಿ ತದಡಿಗೆ ಬಂದು, ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್ ತೀರಗಳನ್ನು ಹಾದು, ಗುಡ್ಡದ ಕಾಲುದಾರಿ ಹತ್ತಿಳಿದು ಓಂ ತೀರ ಸೇರಿದೆವು. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕಾರ ತೋರುವುದನ್ನು ಗುಡ್ಡದ ಮೇಲಿಂದಲೇ ನೋಡಬೇಕು. ಕುಡ್ಲೆ ದಾಟಿ ಸೂರ್ಯಾಸ್ತಕ್ಕೆ ಗೋಕರ್ಣದಲ್ಲಿದ್ದೆವು. ಹಿರಿಯರ ಮಂಡಿ ಊದಿತ್ತು, ಆದರೂ ಮಹಾಬಲೇಶ್ವರನ ದರ್ಶನಕ್ಕೆ ಅವರೇ ಮುಂದು.

ಮೂರನೆಯ ಬೆಳಿಗ್ಗೆ ಬಸ್ಸಿನಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋದೆವು. ಗದ್ದೆಗಳಂಥ ಮಡಿಗಳಿಗೆ ಉಪ್ಪುನೀರು ಹಾಯಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. ಆಗರದ ಒಡೆಯರು ಸೇರಿ ಕಟ್ಟಿಕೊಂಡ ಸಹಕಾರಿ ಸಂಘವೇ ಇದನ್ನು ನಡೆಸುತ್ತಿದೆ ಎಂದಾಗ ನಮ್ಮವರಿಗೆಲ್ಲ ನೆಂಟರ ಮನೆಗೆ ಬಂದಂತಾಯಿತು. ನದಿಯ ಆಚೆ ದಡದ ಮಾಣಿಕಟ್ಟಾ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ತಳಿ ಅದು. ಇದ್ದ ನೀರಿಗೆ ತಕ್ಕ ಬೆಳೆ ಹುಡುಕಿಕೊಂಡವರು ಅವರು. ಬೆಳೆ ಮೊದಲು ಹಾಕಿ ನೀರು ಆಮೇಲೆ ಹುಡುಕುವ ನಮ್ಮ ರೂಢಿಯ ಮಾತು ಹಿಂದಿರುಗುವ ಬಸ್ಸಿನಲ್ಲಿ ಹರಿಹರದವರೆಗೂ ನಡೆಯಿತು. ಹಿರಿಯರು ಈ ವರ್ಷ ಹಾಕಬೇಕೆಂದಿದ್ದ ಎರಡು ಎಕರೆ ಹೊಸ ಅಡಿಕೆಯನ್ನು ಸದ್ಯಕ್ಕೆ ಬಿಟ್ಟಿದ್ದಾರೆ.

ಹೋಗಬಯಸುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ಖಂಡಿತ ಬೇಡ. ಸ್ಥಳೀಯರನ್ನು ಕರೆದುಕೊಳ್ಳದೆ ಬಂಡೆ ದಾಟಬೇಡಿ. ಈಜು ಬಲ್ಲವರೂ ಈ ಸಮುದ್ರಕ್ಕೆ ಇಳಿಯಬಾರದು, ಹಿಂದಕ್ಕೆ ಎಳೆಯುವ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಹಿಡಿತವಿರುವ ಚಪ್ಪಲಿ, ಟೋಪಿ, ತಲಾ ಎರಡು ಲೀಟರ್ ನೀರು ಇರಲಿ. ತಲೆ ಎಣಿಸಲು ಒಬ್ಬರನ್ನು ಹೊರಡುವ ಮೊದಲೇ ನೇಮಿಸಿ. ಮುಂದಿನ ತಂಡಕ್ಕೆ ಹೆಸರು ಕೊಡುವವರು ಕಚೇರಿಯ ವೇಳೆಯಲ್ಲಿ ನಮ್ಮನ್ನು ಕಾಣಬಹುದು.