ಹೆರಿಗೆ, ಹಾಲೂಡಿಕೆ ಮತ್ತು ಸ್ತನ ಕ್ಯಾನ್ಸರಿನ ಬಗೆಗಳು

‘ನಾಲ್ಕು ಮಕ್ಕಳನ್ನು ಹೆತ್ತು ಹಾಲೂಡಿಸಿದವಳಿಗೆ ಎದೆಯ ಕ್ಯಾನ್ಸರ್ ಬಾರದು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ಅರಿಯದೆ ಎಷ್ಟೋ ತಾಯಂದಿರು ಗಂಟನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಆದುದರಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ರೋಗ ಹೆಚ್ಚೆಂಬುದನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 18ನೆಯ ಶತಮಾನದ ಆರಂಭದಲ್ಲಿಯೇ ಗುರುತಿಸಿದ್ದನು. 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ರೋಗವುಳ್ಳ ಸುಮಾರು 500 ಸ್ತ್ರೀಯರನ್ನು ರೋಗವಿಲ್ಲದ ಅಷ್ಟೇ ಸ್ತ್ರೀಯರೊಡನೆ ಹೋಲಿಸಿ ನೋಡಿದರು. ರೋಗಿಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿತ್ತು. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಲೆಕ್ಕವನ್ನೇ ಕೊಟ್ಟಿತು: ಪ್ರತಿಯೊಂದು ಹೆರಿಗೆಗೆ ಅಪಾಯವು ಶೇ. 7ರಷ್ಟು, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಶೇ. 4.3ರಷ್ಟು ಇಳಿಯುತ್ತದೆ.

ಆದರೆ ಸ್ತನ ಕ್ಯಾನ್ಸರ್ ಎಂಬುದು ಹೆಸರಿಗೆ ಒಂದಾದರೂ ರೋಗವೊಂದಲ್ಲ. ಕೆಲವು ಗಡ್ಡೆಗಳ ಜೀವಕೋಶಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಕೆಲವುಗಳಲ್ಲಿ ಹರ್-2 ಎಂಬ ಪ್ರೋಟೀನು ಮಿತಿಮೀರಿರುತ್ತದೆ. ಈ ಮೂರರಲ್ಲಿ ಯಾವುದೂ ಇಲ್ಲದ ಬಗೆಯೇ ‘ಟ್ರಿಪಲ್ ನೆಗೆಟಿವ್’. ಎಳೆಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ, ಬೇಗನೆ ಬೆಳೆಯುವ ಉಗ್ರ ಬಗೆಯಿದು. ಹೆರಿಗೆ ನೀಡುವ ರಕ್ಷಣೆ ಮುಖ್ಯವಾಗಿ ಹಾರ್ಮೋನು ಗ್ರಾಹಕಗಳುಳ್ಳ ಬಗೆಗೆ ಸಂಬಂಧಿಸಿದ್ದು. ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಆ ರಕ್ಷಣೆ ಕಂಡುಬರುವುದಿಲ್ಲ. ಅಮೆರಿಕದ ಕಪ್ಪುವರ್ಣೀಯ ಸ್ತ್ರೀಯರ ಅಧ್ಯಯನಗಳಲ್ಲಂತೂ, ಹೆತ್ತು ಹಾಲೂಡಿಸದಿದ್ದವರಲ್ಲಿ ಈಸ್ಟ್ರೋಜನ್ ಗ್ರಾಹಕಗಳಿಲ್ಲದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ಹಾಲೂಡಿಸಿದವರಲ್ಲಿ ಆ ಹೆಚ್ಚಳ ತಗ್ಗಿತ್ತು. ನಮ್ಮ ದೇಶದ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಮೂವರದು ಈ ಬಗೆಯೇ. ಪಾಶ್ಚಾತ್ಯರಲ್ಲಿ ಈ ಪಾಲು ಅದರ ಸುಮಾರು ಅರ್ಧದಷ್ಟು ಎನ್ನಬಹುದು.

ಇನ್ನೊಂದು ಸಂಗತಿ ಬಾಣಂತಿಯರ ಮನೆಯವರೆಲ್ಲ ತಿಳಿಯಬೇಕಾದುದು. ಹೆರಿಗೆಯ ರಕ್ಷಣೆ ಕೂಡಲೇ ದೊರೆಯುವುದಿಲ್ಲ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ಹೆತ್ತ ಸುಮಾರು ಐದು ವರ್ಷಗಳ ಹೊತ್ತಿಗೆ ಅಪಾಯವು ಹೆರದವರಿಗಿಂತ ಮೇಲಕ್ಕೇರಿ, ಇಳಿದು ರಕ್ಷಣೆಯಾಗಿ ಮಾರ್ಪಡಲು ಇಪ್ಪತ್ತು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯುತ್ತದೆ. ಆ ವಯಸ್ಸಿನಲ್ಲಿ ರೋಗವೇ ವಿರಳವಾದ್ದರಿಂದ ಗಾಬರಿ ಬೇಡ. ಆದರೆ ಹಾಲೂಡಿಸುವ ತಾಯಿಯ ಗಂಟನ್ನು ‘ಹಾಲು ಕಟ್ಟಿದೆ, ಬಿಸಿನೀರಿನ ಶಾಖ ಕೊಡಿ’ ಎಂದು ಎಷ್ಟು ದಿನ ತಳ್ಳುವುದು? ಅಂತಹ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿಯೇ ಹೌದು. ಎರಡು ವಾರಗಳಲ್ಲಿ ಕರಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಅಲ್ಟ್ರಾಸೌಂಡ್ ಪರೀಕ್ಷೆಗೆ ಹಾಲೂಡಿಕೆ ಅಡ್ಡಿಯಲ್ಲ, ಬಯಾಪ್ಸಿಯನ್ನೂ ಮಾಡಬಹುದು.

ಈ ಅಂಕಿಗಳನ್ನು ಹಿಡಿದು ಬೇಗ ಮದುವೆ ಮಾಡಿ, ಬೇಗ ಹೆರಲಿ ಎನ್ನುವವರೂ ಇದ್ದಾರೆ. ಬಾಲ್ಯದ ಬಸಿರು ತಾಯಿಗೂ ಮಗುವಿಗೂ ತರುವ ಆಪತ್ತಿನ ಮುಂದೆ ಈ ವಾದ ನಿಲ್ಲದು. ಮಕ್ಕಳಿಲ್ಲದ ಸೋದರಿಗೆ ಕ್ಯಾನ್ಸರ್ ಬಂದಾಗ ‘ಹೆರಲಿಲ್ಲ, ಅದಕ್ಕೇ’ ಎನ್ನುವುದಂತೂ ಕ್ರೌರ್ಯ. ಒಬ್ಬಳ ರೋಗಕ್ಕೆ ಇದೇ ಕಾರಣವೆಂದು ಯಾವ ವೈದ್ಯರೂ ಬೆರಳಿಟ್ಟು ತೋರಲಾರರು.

ರೋಗ ಖಚಿತವಾದರೆ ಗ್ರಾಹಕಗಳ ಮತ್ತು ಹರ್-2ರ ಪರೀಕ್ಷೆಯಾಗಿದೆಯೇ ಎಂದು ಮನೆಯವರು ಕೇಳಬೇಕು. ಟಾಮಾಕ್ಸಿಫೆನ್ ಮಾತ್ರೆ ಕೆಲಸ ಮಾಡುವುದು ಹಾರ್ಮೋನು ಗ್ರಾಹಕಗಳಿರುವ ಬಗೆಯಲ್ಲಿ. ಟ್ರಿಪಲ್ ನೆಗೆಟಿವ್ ಆದರೆ ಕೀಮೋಥೆರಪಿಯ ದಾರಿಯೇ ಮುಖ್ಯ. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ಆ ವರದಿಯ ಹಾಳೆ ಚೀಲದಲ್ಲಿರಲಿ.