ಹತ್ತು ಗುಂಡಿನ ಅಗ್ಗದ ರೈಫಲ್: ತೋಟ ಕಾಯೋಕೆ ಎಷ್ಟು ಉಪಯೋಗ?

ಕಳೆದ ತಿಂಗಳು ಒಂದು ರಾತ್ರಿ ಹಂದಿ ಹಿಂಡು ಬಂದು ನಮ್ಮ ಪಕ್ಕದ ಹೊಲದ ಮೆಕ್ಕೆಜೋಳವನ್ನ ಅರ್ಧಕ್ಕರ್ಧ ಮಲಗಿಸಿಬಿಟ್ಟವು. ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ಹುಡುಗ ಬದುವಿನ ಮೇಲೆ ಕೂತು ಮೊಬೈಲ್ ನೋಡ್ತಿದ್ದ. ಅಮೆರಿಕದ ರೈತನೊಬ್ಬ ಗಾಡಿ ಪಕ್ಕ ನಿಂತು ರೈಫಲ್‌ನಿಂದ ಟಪ್ ಟಪ್ ಅಂತ ಹೊಡೆಯೋ ವಿಡಿಯೋ.

"ಅಣ್ಣಾ, ಅಲ್ಲಿ ಇದು ಮೂವತ್ತು ಸಾವಿರದ ಆಸುಪಾಸಿಗೆ ಸಿಗುತ್ತಂತೆ. ನಮಗೂ ಎಲ್ಲಾದ್ರೂ ಇಂಥದ್ದು ಸಿಕ್ಕರೆ?" ಅಂದ.

ಆ "ಎಲ್ಲಾದ್ರೂ" ಅನ್ನೋ ಮಾತು ಕೇಳಿ ನನಗೆ ಹೆದರಿಕೆ ಆಯ್ತು. ಅದಕ್ಕೇ ಈ ವಾರ ಗೊಬ್ಬರ, ಕಷಾಯ ಎಲ್ಲ ಬಿಟ್ಟು ಈ ವಿಷಯ ಬರೀತಿದ್ದೀನಿ.

ನಾನು ಅದನ್ನ ಕಂಡಿದ್ದು ಎಲ್ಲಿ?

ತೋಟಗಾರಿಕೆ ಪದವಿ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಒಂದು ಸಾವಯವ ಅಕ್ರೋಟ್ ತೋಟದಲ್ಲಿ ಒಂದು ಹಂಗಾಮು ತರಬೇತಿಗೆ ಇದ್ದೆ. ಅಲ್ಲಿ ದೊಡ್ಡ ಕಾಟ ಅಂದರೆ ನೆಲ ಅಳಿಲು. ನಮ್ಮ ಅಳಿಲಿಗಿಂತ ದೊಡ್ಡದು, ನೆಲದಲ್ಲಿ ಬಿಲ ತೋಡುತ್ತೆ. ಕಾಯಿ ತಿನ್ನುತ್ತೆ, ತೊಗಟೆ ಕಡಿಯುತ್ತೆ, ಡ್ರಿಪ್ ಪೈಪನ್ನೂ ಬಿಡಲ್ಲ. ಸಾವಯವ ತೋಟ ಆದ್ದರಿಂದ ಮಾಮೂಲಿ ಇಲಿ ಪಾಷಾಣ ಇಡುವ ಹಾಗಿಲ್ಲ. ಮಾಲೀಕರ ಹತ್ತಿರ ಇದ್ದ ಸಾಧನಗಳಲ್ಲಿ ಒಂದು ರೂಗರ್ 10/22 ರೈಫಲ್.

ನಾನು ಅದನ್ನ ಒಂದು ಸಲವೂ ಹಾರಿಸಿಲ್ಲ. ತಾತ್ಕಾಲಿಕ ವೀಸಾದಲ್ಲಿ ಹೋದವರು ಬಂದೂಕು, ಗುಂಡು ಇಟ್ಟುಕೊಳ್ಳೋದಕ್ಕೆ ಅಲ್ಲಿನ ಕೇಂದ್ರ ಕಾನೂನಿನ ತಡೆ ಇದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಉಂಟು, ನನಗೆ ಅದು ಬೇಕಿರಲಿಲ್ಲ. ನನ್ನ ಕೆಲಸ ಹಿಂದೆ ನಿಂತು ಎಷ್ಟು ಹೊತ್ತು, ಎಷ್ಟು ಗುಂಡು, ಎಷ್ಟು ಅಳಿಲು ಅಂತ ಬರೆದುಕೊಳ್ಳೋದು. ಸಾಧನ ಅಳೆಯೋಕೆ ಅದೇ ಒಳ್ಳೆ ಜಾಗ.

ಏನಿದರ ವಿಶೇಷ?

ಈ ಮಾದರಿ ಮಾರುಕಟ್ಟೆಗೆ ಬಂದಿದ್ದು 1964ರಲ್ಲಿ. ಇವತ್ತಿಗೂ ಕಾರ್ಖಾನೆಯಿಂದ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಬರ್ತಿದೆ. ಸಾದಾ ಮಾದರಿಗೆ ಅಲ್ಲಿ ಸುಮಾರು 300ರಿಂದ 400 ಡಾಲರ್. ತೂಕ ಎರಡೂಕಾಲು ಕೆಜಿ ಅಷ್ಟೇ, ನಳಿಗೆ 18.5 ಇಂಚು. ಹಾಕೋದು .22 ಲಾಂಗ್ ರೈಫಲ್ ಅನ್ನೋ ಸಣ್ಣ ಗುಂಡು.

ಅರೆಸ್ವಯಂಚಾಲಿತ ಅಂದರೆ ಮೆಷಿನ್ ಗನ್ ಅಲ್ಲ. ಕುದುರೆ ಒಂದು ಸಲ ಎಳೆದರೆ ಒಂದೇ ಗುಂಡು. ಆದರೆ ಖಾಲಿ ಕೋಶ ಹೊರಗೆ ಎಸೆದು ಮುಂದಿನ ಗುಂಡು ಒಳಗೆ ತಗೊಳ್ಳೋ ಕೆಲಸ ಅದೇ ಮಾಡಿಕೊಳ್ಳುತ್ತೆ. ಗುಂಡು ಹಾರಿದ ಒತ್ತಡವೇ ಹಿಂದಿನ ಬೋಲ್ಟನ್ನ ದೂಡುತ್ತೆ, ಸ್ಪ್ರಿಂಗ್ ವಾಪಸ್ ತರುತ್ತೆ. ಹತ್ತು ಗುಂಡಿನ ಮ್ಯಾಗಜೀನ್ ಒಳಗೆ ಚಕ್ರದ ಹಾಗೆ ತಿರುಗುತ್ತೆ. ಮರದ ಹಿಡಿಯೊಳಗೆ ಪೂರ್ತಿ ಕೂರುತ್ತೆ, ಗಿಡಗಂಟಿಗೆ ಸಿಕ್ಕಿಕೊಳ್ಳಲ್ಲ.

ಇನ್ನೊಂದು ಗುಣ ನಮ್ಮಂಥವರಿಗೆ ಇಷ್ಟ ಆಗೋದು: ನಳಿಗೆ ಕೂತಿರೋದು ಎರಡೇ ಸ್ಕ್ರೂ ಮೇಲೆ. ಬಿಚ್ಚಿ ಬದಲಾಯಿಸೋದು ಸುಲಭ, ಬಿಡಿಭಾಗ ಎಲ್ಲ ಕಡೆ ಸಿಗುತ್ತೆ. ಅಗ್ಗದ ಪವರ್ ಟಿಲ್ಲರ್ ತಗೊಳ್ಳುವಾಗ ನಾವು ಕೇಳೋ ಮೊದಲ ಪ್ರಶ್ನೆಯೂ ಅದೇ ತಾನೇ?

ಕೊರತೆ ಏನು?

- ಕೊನೇ ಗುಂಡು ಹಾರಿದ ಮೇಲೆ ಬೋಲ್ಟ್ ತಾನಾಗಿ ತೆರೆದು ನಿಲ್ಲಲ್ಲ. ಖಾಲಿ ಆಯ್ತಾ ಇಲ್ವಾ ಗೊತ್ತಾಗಲ್ಲ. ಮಾಲೀಕರು ಪ್ರತಿ ಸಲ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಒಳಗೆ ಕಣ್ಣಿಟ್ಟು ನೋಡೋರು. "ಖಾಲಿ ಅಂದುಕೊಂಡ ಬಂದೂಕೇ ಜನರನ್ನ ಕೊಲ್ಲೋದು" ಅನ್ನೋರು.
- ಕಡಿಮೆ ವೇಗದ ಗುಂಡು ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಸಿಕ್ಕಿಕೊಳ್ಳಬಹುದು.
- .22 ಗುಂಡಿನ ಮಸಿ ಜಾಸ್ತಿ. ಒರೆಸದೆ ಬಿಟ್ಟರೆ ಕೈಕೊಡುತ್ತೆ.
- ಗುಂಡು ಸಣ್ಣದು ಅಂತ ಸಸಾರ ಮಾಡುವ ಹಾಗಿಲ್ಲ. ಗುರಿ ತಪ್ಪಿದರೆ ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಅವರು ಯಾವತ್ತೂ ಹಾರಿಸಿದ್ದಿಲ್ಲ.

ಪುಸ್ತಕದ ಲೆಕ್ಕ ಏನು ಹೇಳ್ತು?

ಅಳಿಲು ಕಡಿಮೆ ಇದ್ದ ಮೂಲೆಯಲ್ಲಿ, ಐವತ್ತು ಮೀಟರ್ ಒಳಗೆ, ರೈಫಲ್ ಚೆನ್ನಾಗಿ ಕೆಲಸ ಮಾಡ್ತು. ಜಾಸ್ತಿ ಇದ್ದ ಕಡೆ ಸೋತಿತು. ಎರಡು ದಿನ ಹೊಡೆದ ಮೇಲೆ ಉಳಿದ ಅಳಿಲುಗಳು ಮನುಷ್ಯನ ನೆರಳು ಕಂಡರೇ ಬಿಲ ಸೇರೋವು. ಕೂತು ಕಾಯೋ ಗಂಟೆಗಳ ಕೂಲಿ ಲೆಕ್ಕ ಹಾಕಿದರೆ ಅಗ್ಗದ ರೈಫಲ್ ಅಗ್ಗವಾಗಿ ಉಳಿಯಲಿಲ್ಲ. ತೋಟವನ್ನ ನಿಜವಾಗಿ ಕಾಯ್ದದ್ದು ಬೋನು, ಬಿಲ ಅಗೆದು ಮುಚ್ಚೋದು, ಸೌದೆ ರಾಶಿ ತೆಗೆಯೋದು.

ಗುಂಡಿನದ್ದೇ ಇನ್ನೊಂದು ಕತೆ. ಸೀಸದ ಗುಂಡು ಬಿದ್ದ ಅಳಿಲನ್ನ ಹದ್ದು, ರಣಹದ್ದು ತಿಂದರೆ ಅವಕ್ಕೂ ವಿಷ ಏರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವುದೇ ಕಾಡುಪ್ರಾಣಿಗೆ ಸೀಸವಿಲ್ಲದ ಗುಂಡೇ ಬಳಸಬೇಕು. ಅದಕ್ಕೆ ಬೆಲೆ ಜಾಸ್ತಿ. ಪಾಷಾಣ ಬೇಡ ಅಂತ ಬಂದೂಕು ಹಿಡಿದರೂ ವಿಷ ಬೇರೆ ದಾರೀಲಿ ಬರುತ್ತೆ ಅಂತ ನನಗೆ ಅಲ್ಲೇ ತಿಳಿದದ್ದು.

ನಮ್ಮ ಹಂದಿಗೆ ಇದು ಆಗುತ್ತಾ?

ಇಲ್ಲ. ಈ ಗುಂಡಿನ ಶಕ್ತಿ ಸುಮಾರು 190 ಜೂಲ್. ದೊಡ್ಡ ಬೇಟೆಗೆ ಬಳಸೋ 30-06 ಗುಂಡಿನದ್ದು ಅದರ ಹತ್ತಿರ ಹತ್ತಿರ 20 ಪಟ್ಟು. ಹಂದಿಗೆ .22 ಹೊಡೆದರೆ ಗಾಯ ಆಗುತ್ತೆ, ಸಾಯಲ್ಲ. ಗಾಯಗೊಂಡ ಹಂದಿ ಕಬ್ಬಿನ ಗದ್ದೆಯಲ್ಲಿ ಅಡಗಿದ್ದರೆ ಬೆಳಿಗ್ಗೆ ನೀರು ಕಟ್ಟೋಕೆ ಹೋದವನ ಗತಿ ಏನು?

ಟೆಕ್ಸಾಸ್‌ನಲ್ಲಿ ಹಂದಿ ಹೊಡೆಯೋದು ಬೇರೆ, ದೊಡ್ಡ ರೈಫಲ್‌ಗಳಿಂದ. ಅಲ್ಲಿ ಹಂದಿ ಯುರೋಪಿನವರು ತಂದು ಬಿಟ್ಟ ಪ್ರಾಣಿ, ಜಮೀನಿನ ಮಾಲೀಕ ಹೊಡೆಯಬಹುದು. ಹಾಗಿದ್ದೂ ಅಲ್ಲಿ ಹಂದಿ ಮುಗಿದಿಲ್ಲ. ಎರಡು ಹೊಡೆದರೆ ಉಳಿದವು ಚದುರಿ ಇನ್ನೊಂದು ಹೊಲ ಹುಡುಕುತ್ತವೆ. ಇಡೀ ಹಿಂಡನ್ನೇ ಹಿಡಿಯೋ ದೊಡ್ಡ ಬೋನುಗಳೇ ಅಲ್ಲೂ ಹೆಚ್ಚು ಫಲ ಕೊಡೋದು.

ನಮ್ಮ ಕಾನೂನು

ನಮ್ಮಲ್ಲಿ ಅರೆಸ್ವಯಂಚಾಲಿತ ರೈಫಲ್ ನಿರ್ಬಂಧಿತ ವರ್ಗದ್ದು, ರೈತನಿಗೆ ಬೆಳೆ ರಕ್ಷಣೆಗೆ ಅಂತ ಕೊಡೋದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಹೇಳೋದು ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಉದ್ದ ನಳಿಗೆಯ ಬೇರೆ ತೋಟಾ ಕೋವಿ. .22 ರೈಫಲ್‌ಗೆ ಅದೇ ಕಾಯ್ದೆ ಹೇಳೋದು ರೈಫಲ್ ಕ್ಲಬ್ ಸದಸ್ಯರ ಗುರಿ ಅಭ್ಯಾಸ. ಕೊಡಗಿನವರಿಗೆ ಇರೋ ವಿನಾಯಿತಿ ಕೇಳಿ ಎಲ್ಲರಿಗೂ ಇದೆ ಅಂದುಕೋಬೇಡಿ.

ಪರವಾನಗಿ ಇಲ್ಲದ ಬಂದೂಕು ಸಿಕ್ಕರೆ ಕನಿಷ್ಠ 2 ವರ್ಷ ಜೈಲು. ಪರವಾನಗಿ ಇದ್ದರೂ ಹಂದಿ ಹೊಡೆಯೋಕೆ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇರೆಯೇ ಬೇಕು. ಬೆಳೆ ಹೋದರೆ ಒಂದು ವರ್ಷ ಹೋಯ್ತು. ಕೇಸು ಬಿದ್ದರೆ ಎಷ್ಟು ವರ್ಷ, ನೀವೇ ಲೆಕ್ಕ ಹಾಕಿ.

ಹಾಗಾದ್ರೆ ನಾವು ಮಾಡಿದ್ದೇನು?

1. ಅದೇ ಬೆಳಿಗ್ಗೆ ಹಾನಿಯ ಫೋಟೋ, ವಿಡಿಯೋ ಮೊಬೈಲಲ್ಲಿ ಲೊಕೇಷನ್ ಆನ್ ಮಾಡಿ ತೆಗೆದ್ವಿ. ಹೆಜ್ಜೆ ಗುರುತು ಅಳಿಸೋಕೆ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಪರಿಹಾರದ ಅರ್ಜಿ ಕೊಟ್ವಿ.
2. ಮೂರು ಮನೆಯವರು ಸೇರಿ ಒಂದೇ ಸೋಲಾರ್ ಬೇಲಿ ಹಾಕಿದ್ವಿ. ಮೊದಲ ತಂತಿ ನೆಲದಿಂದ ಒಂದು ಗೇಣು, ಎರಡನೇದು ಎರಡು ಗೇಣು. ಹಂದಿ ಮೂತಿ ಇಡೋ ಎತ್ತರ ಅದೇ.
3. ತಂತಿಗೆ ತಾಗೋ ಹುಲ್ಲನ್ನ ವಾರಕ್ಕೊಮ್ಮೆ ಸವರ್ತೀವಿ. ಹುಲ್ಲು ತಾಗಿದರೆ ಕರೆಂಟ್ ನೆಲಕ್ಕೆ ಇಳಿದು ಬೇಲಿ ಸತ್ತ ಹಾಗೆ.
4. ಮನೆ ಕರೆಂಟನ್ನ ನೇರ ತಂತಿಗೆ ಕೊಡೋ ಮಾತೇ ಇಲ್ಲ. ಅದು ಹಂದಿಗಿಂತ ಮೊದಲು ಮನುಷ್ಯರನ್ನ ಕೊಲ್ಲುತ್ತೆ.

ಆ ರೈಫಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಐವತ್ತು ಮೀಟರ್, ಸಣ್ಣ ಪ್ರಾಣಿ, ಹಿಂದೆ ಮಣ್ಣಿನ ದಿಬ್ಬ, ಕೈಯಲ್ಲಿ ಕಾನೂನಿನ ಕಾಗದ: ಈ ನಾಲ್ಕೂ ಇದ್ದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಸಾಧನ. ನಮ್ಮ ಹುಡುಗನ ಹೊಲದಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ಅವನೇ ಫೋನ್ ಮಾಡಿ ಕರೆದ. ಹಸಿ ಮಣ್ಣಲ್ಲಿ ಹಂದಿ ಹೆಜ್ಜೆ ತಂತಿಯ ತನಕ ಬಂದು, ಹಾಗೇ ಹಿಂದಕ್ಕೆ ತಿರುಗಿತ್ತು. ಉಳಿದರ್ಧ ಜೋಳ ನಿಂತಿದೆ. ಈ ವಾರ ತೆನೆ ಮುರೀತೀವಿ.